ತಾರ್ ಕಚೇರಿಯ ಹಸಿ ಗೋಡೆ

ಕಲ್ಲೂರ ಸರ್ ಅವರಂಥ ಗ್ರಂಥಪಾಲಕರು ಊರಿಗೊಬ್ಬರಿದ್ದರೆ ಸಾಕು, ನನ್ನಂಥ ವಿಜ್ಞಾನಿಗಳೆಲ್ಲ ಕೆಲಸ ಬಿಟ್ಟು ಮನೆಯಲ್ಲಿ ಹಪ್ಪಳ ಒತ್ತಿಕೊಂಡಿರಬಹುದು. ಈಗ ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಆಗ ಮಾತ್ರ ಸಿಟ್ಟಿತ್ತು, ಅದೂ ಸಣ್ಣ ಸಿಟ್ಟಲ್ಲ.

ಸರ್ಕಾರ ಸಿಮೆಂಟು ನಿಲ್ಲಿಸಿ ಒಂಬತ್ತು ವರ್ಷವಾಗಿತ್ತು. ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಯಾರಿಗೆ ಏನು ಬೇಕಾದರೂ ಇದ್ದ ಹಳೆಯ ಕಟ್ಟಡವನ್ನೇ ರಿಪೇರಿ ಮಾಡಿಕೊಂಡು ಒಳಗೆ ಸೇರಿಕೊಳ್ಳಬೇಕು. ಹೀಗಾಗಿ ನಾಡಿನಲ್ಲೆಲ್ಲ ವಿಚಿತ್ರ ಸಂಸಾರಗಳು ಶುರುವಾಗಿದ್ದವು. ಕುದುರೆಲಾಯದಲ್ಲಿ ಹಲ್ಲಿನ ಡಾಕ್ಟರು ಕೂತಿದ್ದರು, ಹತ್ತಿ ಗಿರಣಿಯಲ್ಲಿ ಕಾಲೇಜು ನಡೆಯುತ್ತಿತ್ತು. ಕೆಂಪಗಸಿ ಎಂಬ ಊರಿನ ಪಾಲಿಗೆ ಬಂದದ್ದು ನೂರೈವತ್ತು ವರ್ಷದ ಹಳೇ ತಾರ್ ಕಚೇರಿ. ಒಂದು ಕಾಲಕ್ಕೆ ಜನ ಅಲ್ಲಿ ಸಾಲಾಗಿ ನಿಂತು, ಶಬ್ದಗಳನ್ನು ಎಣಿಸಿ ಎಣಿಸಿ, 'ಅಜ್ಜ ತೀರಿದರು ಬೇಗ ಬಾ' ಎಂದು ತಂತಿ ಕಳಿಸುತ್ತಿದ್ದರಂತೆ. ಅದನ್ನು ಸಾರ್ವಜನಿಕ ಗ್ರಂಥಾಲಯ ಮಾಡಬೇಕಿತ್ತು. ಮಾಡಲು ಬಂದವಳು ನಾನು, ಮಂದಾಕಿನಿ, ಮೈಸೂರಿನವಳು, ಸುಣ್ಣದ ವಿಜ್ಞಾನಿ.

ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವೆಂದರೆ ಮಡಿ ಹೆಂಗಸಿನ ಅಡುಗೆಮನೆ. ಅದು ಮುಟ್ಟುವಂತಿಲ್ಲ, ಇದು ಕೊರೆಯುವಂತಿಲ್ಲ, ಏಸಿ ಹಾಕುವಂತಿಲ್ಲ. ಆದರೆ ಬೇಸಿಗೆಯಲ್ಲಿ ನಲವತ್ತೈದು ಡಿಗ್ರಿ ಕಾಯುವ ಊರಿನಲ್ಲಿ ಜನ ಒಳಗೆ ಕೂತು ಓದಬೇಕು. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಅದರ ಹೆಸರು ಜೀವಗಾರೆ.

ಹೇಳುವುದು ಸುಲಭ. ಹಳೆಯ ಕಾಲದ ಗಾರೆಯೇ ಇದು: ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ. ಅದಕ್ಕೆ ನಾವು ಪ್ರಯೋಗಾಲಯದಲ್ಲಿ ಸಾಕಿದ ಒಂದು ಜಾತಿಯ ಸೂಕ್ಷ್ಮಜೀವಿ ಸೇರಿಸುತ್ತೇವೆ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣವನ್ನು ಮತ್ತೆ ಕಲ್ಲಾಗಿಸುತ್ತದೆ. ಕಲ್ಲಾಗುವಾಗ ಗೋಡೆಯೊಳಗೆ ಕೂದಲಿಗಿಂತ ಸಣ್ಣ ದಾರಿಗಳು ಉಳಿಯುತ್ತವೆ. ಆ ದಾರಿಗಳಲ್ಲಿ ತೇವ ಓಡಾಡಿ ಕೋಣೆ ಮಣ್ಣಿನ ಮಡಕೆಯ ನೀರಿನಂತೆ ತಣ್ಣಗಿರುತ್ತದೆ. ಪ್ರಯೋಗಾಲಯದಲ್ಲಿ ನಮ್ಮ ಪರೀಕ್ಷಾ ಗೋಡೆ ಹನ್ನೊಂದು ದಿನಕ್ಕೆ ಗಟ್ಟಿಯಾಗಿತ್ತು. ನಾನು ಪ್ರಶಸ್ತಿಪತ್ರವನ್ನೂ ತೆಗೆದುಕೊಂಡಿದ್ದೆ.

ಕೆಂಪಗಸಿಯಲ್ಲಿ ನಲವತ್ತು ದಿನವಾದರೂ ಓದುವ ಕೋಣೆಯ ಗೋಡೆ ಉಪ್ಪಿಟ್ಟಿನಷ್ಟು ಮೆತ್ತಗಿತ್ತು.

ಮೊದಲು ತಾರು ಯಂತ್ರದ ಬ್ಯಾಟರಿಗಳನ್ನಿಡುತ್ತಿದ್ದ ಹಿಂದಿನ ಕೋಣೆ ಈಗ ನನ್ನ ನಿಯಂತ್ರಣ ಕೊಠಡಿ. ಗೋಡೆಗಳಲ್ಲಿ ಹುದುಗಿಸಿದ್ದ ಮೂವತ್ತಾರು ಸೆನ್ಸರ್ ಗುಂಡಿಗಳು ಅಲ್ಲಿನ ಪರದೆಗೆ ಗಡಸುತನದ ಅಂಕ ಕಳಿಸುತ್ತಿದ್ದವು. ನಲವತ್ತು ಬಂದರೆ ಪಾಸು. ಓದುವ ಕೋಣೆಯಲ್ಲಿ ಎಲ್ಲಿ ನೋಡಿದರೂ ಹದಿಮೂರು, ಹದಿನಾಲ್ಕು. ಇನ್ನು ಹತ್ತೊಂಬತ್ತು ದಿನಕ್ಕೆ ಪಾರಂಪರಿಕ ಸಮಿತಿಯ ತಪಾಸಣೆ. ಒಂದೇ ಒಂದು ಗೋಡೆ ಫೇಲಾದರೂ ಗಾರೆಯನ್ನೆಲ್ಲ ಕೆರೆದು, ಕಟ್ಟಡಕ್ಕೆ ಹದಿನೈದು ವರ್ಷ ಬೀಗ ಹಾಕಿ 'ಅಧ್ಯಯನಕ್ಕೆ ಕಾದಿರಿಸಲಾಗಿದೆ' ಎಂದು ಫಲಕ ತೂಗುಹಾಕುತ್ತಾರೆ.

ನನ್ನದು ಹೋಗುವುದು ಬರೀ ಮರ್ಯಾದೆ. ಅದನ್ನು ಮತ್ತೆಲ್ಲಾದರೂ ಗಳಿಸಿಕೊಳ್ಳಬಹುದು. ಆದರೆ ಈರಭದ್ರಪ್ಪ ಕಲ್ಲೂರ ಅವರಿಗೆ ಆ ತಿಂಗಳ ಕೊನೆಗೆ ನಿವೃತ್ತಿ. ಮೂವತ್ತೆಂಟು ವರ್ಷ ಅವರು ಗ್ರಂಥಾಲಯವನ್ನು ನಡೆಸಿದ್ದು ಮುಚ್ಚಿಹೋದ ಐಸ್ ಕಾರ್ಖಾನೆಯಲ್ಲಿ. ಮೇಲಿನಿಂದ ಸೋರುತ್ತಿತ್ತು, ಕೆಳಗಿನಿಂದ ಇಲಿ ಕಡಿಯುತ್ತಿತ್ತು. ಹನ್ನೆರಡು ಸಾವಿರ ಪುಸ್ತಕಗಳಲ್ಲಿ ಎಂಟು ಸಾವಿರ ಉಳಿದಿದ್ದವು. ಅವುಗಳನ್ನು ಒಣ ಜಾಗದಲ್ಲಿ ಜೋಡಿಸಿ, ಒಂದು ದಿನ, ಒಂದೇ ದಿನ, ಆ ಮೇಜಿನ ಹಿಂದೆ ಕೂತು ಮನೆಗೆ ಹೋಗಬೇಕೆಂಬುದು ಅವರ ಆಸೆ. ಇದನ್ನು ಅವರು ನನಗೆ ಹೇಳಲಿಲ್ಲ. ಅವರು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಹೇಳಿದ್ದು ಅವರ ಹೆಂಡತಿ ನೀಲವ್ವ.

ನಾನು ಉಳಿದುಕೊಂಡಿದ್ದು ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ. ಅಂಥ ಮನೆಯನ್ನು ನಾನು ನೋಡಿರಲಿಲ್ಲ. ಸರ್ ಇಡೀ ದಿನ ಗ್ರಂಥಾಲಯದಲ್ಲಿ 'ಶ್ಶ್' ಎನ್ನುತ್ತಲೇ ಇದ್ದು ಮನೆಗೆ ಬರುವ ಹೊತ್ತಿಗೆ ಬಾಯಿಗೆ ಬೀಗ ಬಿದ್ದಿರುತ್ತಿತ್ತು. ಏನಾದರೂ ಬೇಕಾದರೆ ಗ್ರಂಥಾಲಯದ ಹಳೆಯ ಸೂಚಿ ಕಾರ್ಡಿನ ಹಿಂದೆ ಬರೆದು ಇಡುತ್ತಿದ್ದರು. 'ಚಹಾ. ಸಕ್ಕರೆ ಕಡಿಮೆ.' 'ನಾಳೆ ಬಿಳಿ ಅಂಗಿ.' 'ಪಲ್ಯ ಚೆನ್ನಾಗಿದೆ.' ನೀಲವ್ವ ಅವನ್ನೆಲ್ಲ ಬಿಸ್ಕೀಟಿನ ಡಬ್ಬಿಗಳಲ್ಲಿ ಕೂಡಿಟ್ಟಿದ್ದರು. ಹದಿನಾಲ್ಕು ಡಬ್ಬಿ.

"ಮದುವಿ ಆದ ವರ್ಷ ಎಷ್ಟ್ ಮಾತಾಡತಿದ್ರು ಅಂತೀರಿ," ಎಂದು ನೀಲವ್ವ ರೊಟ್ಟಿ ಬಡಿಯುತ್ತ ನನಗೆ ಹೇಳುತ್ತಿದ್ದರು. "ನೌಕರಿ ಸಿಕ್ಕಿದ್ದ ತಡ, ಮುಗೀತು. ನಾ ಈಗ ಕುಕ್ಕರ್ ಜೋಡಿ ಮಾತಾಡ್ತೀನಿ. ಅದಾದ್ರೂ ತಿರುಗಿ ಒಂದು ಸೀಟಿ ಹೊಡಿತೈತಿ."

ಸರ್ ಹೊರಗಿನ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದರು. ಪುಟ ತಿರುವಿದ ಸದ್ದು ಬಂತು. ಅದೇ ಅವರ ಉತ್ತರ.

ಗೋಡೆಯ ಗುಟ್ಟು ಬಿಡಿಸಿದ್ದು ನಾನಲ್ಲ. ಒಂದು ಮಧ್ಯಾಹ್ನ ಪರದೆಯ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಾಗ, ಹಿಂದಿನ ವರಾಂಡದ ಅಂಕ ಕಣ್ಣಿಗೆ ಬಿತ್ತು: ನಲವತ್ತಾರು. ಅದೇ ಸುಣ್ಣ, ಅದೇ ಬೆಲ್ಲ, ಅದೇ ದಿನ ಮೆತ್ತಿದ್ದು. ಗುಂಡಿ ಕೆಟ್ಟಿರಬೇಕೆಂದು ಹೋಗಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದೆ. ಗೆಣ್ಣು ಊದಿಕೊಂಡಿತು.

"ಇಲ್ಲಿ ಏನು ಮಾಡಿದ್ರಿ ನೀವು?" ಎಂದು ಮುಖ್ಯ ಗೌಂಡಿ ಮಾಬುಸಾಬರನ್ನು ಕೇಳಿದೆ.

"ಏನೂ ಮಾಡಿಲ್ರಿ ಮೇಡಂ. ಬುತ್ತಿ ಉಂಡ್ವಿ," ಎಂದರು ಅವರು. "ಕಲ್ಲೂರ ಸರ್ ಕೀಲಿ ಹಿಡಕೊಂಡು ದಿನಾ ಇಲ್ಲೇ ಇರ್ತಾರ, ಒಳಗ ಮಾತಾಡಾಕ ಬಿಡಂಗಿಲ್ಲ. ಬೋರ್ಡ್ ಹಚ್ಯಾರ ನೋಡ್ರಿ. ಕರಣಿ ಸದ್ದಾದ್ರೂ ಕಣ್ಣ ಕಿಸೀತಾರ. ಅದಕ್ಕ ನಾವು ಹದಿನಾಲ್ಕ ಮಂದಿ ಇಲ್ಲಿ ಬಂದು, ಉಂಡು, ಹರಟಿ ಹೊಡದು, ಒಂಚೂರು ಸರ್ ಅವರನ್ನ ಬೈದು, ಮತ್ತ ಒಳಗ ಹೋಗಿ ಬಾಯಿ ಮುಚ್ಕೊಂಡು ಕೆಲಸ ಮಾಡ್ತೀವಿ."

ನಾನು ಹಾಗೆಯೇ ಜಗುಲಿಯ ಮೇಲೆ ಕೂತುಬಿಟ್ಟೆ. ನಮ್ಮ ಪ್ರಯೋಗಾಲಯದ ಪರೀಕ್ಷಾ ಗೋಡೆ ಇದ್ದದ್ದು ಎಲ್ಲಿ? ಚಹಾ ಕುಡಿಯುವ ಜಾಗದಲ್ಲಿ. ಹನ್ನೊಂದು ದಿನ ಇಪ್ಪತ್ತು ವಿಜ್ಞಾನಿಗಳು ಅದಕ್ಕೆ ಒರಗಿ ನಿಂತು ನಿರ್ದೇಶಕರನ್ನು ಆಡಿಕೊಂಡಿದ್ದೆವು. ನನ್ನ ಸೂಕ್ಷ್ಮಜೀವಿಗಳು ಬರೀ ಗಾಳಿ ತಿಂದು ಬೆಳೆದವಲ್ಲ. ಅವಕ್ಕೆ ಮನುಷ್ಯರ ಉಸಿರು ಬೇಕು. ಬೆಚ್ಚಗಿನ, ಒದ್ದೆ ಉಸಿರು, ಅದೂ ಹತ್ತಿರದಿಂದ. ಸುಮ್ಮನೆ ಕೂತವರ ಉಸಿರು ಸಾಲದು, ಮಾತಾಡುವವರದು ಎರಡು ಪಟ್ಟು. ಅನಿಲದ ಸಿಲಿಂಡರು ತಂದು ಬಿಡೋಣವೆಂದರೆ ಆ ಒಣ ಅನಿಲಕ್ಕೆ ಮೇಲಿನ ಪದರ ಹಪ್ಪಳವಾಗಿ ಒಳಗೆ ಹಸಿಯೇ ಉಳಿಯುತ್ತದೆ. ಇದನ್ನೆಲ್ಲ ನಾನು ಮೊದಲೇ ಲೆಕ್ಕ ಹಾಕಬೇಕಿತ್ತು. ಹಾಕಿರಲಿಲ್ಲ. ಮೌನವೇ ಉಸಿರಾಗಿದ್ದ ಮನುಷ್ಯನ ಕೈಗೆ ಕಟ್ಟಡದ ಕೀಲಿಕೈ ಕೊಟ್ಟು, ಮಾತು ತಿಂದು ಬದುಕುವ ಗೋಡೆ ಕಟ್ಟಿದ್ದೆ.

ಸಂಜೆ ಸರ್ ಅವರಿಗೆ ವಿಷಯ ತಿಳಿಸಿದೆ. ಅವರು ಕಾರ್ಡು ತೆಗೆದು ಬರೆದರು: 'ಗ್ರಂಥಾಲಯದಲ್ಲಿ ಮಾತು?' ಪ್ರಶ್ನಾರ್ಥಕ ಚಿಹ್ನೆಯನ್ನು ಎರಡು ಸಲ ತಿದ್ದಿದರು.

"ಹದಿನೆಂಟೇ ದಿನ ಸರ್. ಆಮೇಲೆ ನಿಮ್ಮ ಮೌನ ನಿಮಗೆ," ಎಂದೆ.

ಅವರು ಎದ್ದು ಹೋಗಿ ಬೋರ್ಡುಗಳನ್ನು ತಾವೇ ಇಳಿಸಿದರು. 'ಮೌನವಾಗಿರಿ' ಎಂಬ ಏಳು ಬೋರ್ಡುಗಳನ್ನು ಧೂಳು ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ ಮೇಜಿನ ಕೆಳಗಿಟ್ಟರು.

ಮರುದಿನ ಊರಲ್ಲಿ ಡಂಗುರ ಸಾರಿಸಿದೆವು: ಬನ್ನಿ, ತಾರ್ ಕಚೇರಿಯಲ್ಲಿ ಕೂತು ಬಾಯಿಗೆ ಬಂದದ್ದು ಮಾತಾಡಿ, ಚಹಾ ಉಂಟು. ಎಪ್ಪತ್ತು ಜನ ಬಂದರು. ಬಂದು, ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೇಟೆಯಲ್ಲಿ ನಿಂತರೆ ಗಂಟೆಗಟ್ಟಲೆ ಬಿಡದವರು ಇಲ್ಲಿ ಹೆಣ್ಣು ನೋಡಲು ಬಂದ ವರನ ಹಾಗೆ ನೆಲ ನೋಡುತ್ತ ಕೂತರು. ಒಬ್ಬರು ಕೆಮ್ಮಿದರು. ಮತ್ತೊಬ್ಬರು "ಬಿಸಲು ಭಾಳ ಐತಿ" ಎಂದರು. ಅದಕ್ಕೆ ಎಲ್ಲರೂ ಹೌದೆಂದರು. ಅಲ್ಲಿಗೆ ಮುಗಿಯಿತು. ಚಹಾ ಮಾತ್ರ ಖಾಲಿಯಾಯಿತು.

ಎರಡು ದಿನ ಇದೇ ಕಥೆ. ಮೂರನೆಯ ದಿನ ಯಾರದೋ ಲೋಟ ಕೈಜಾರಿ ನೆಲಕ್ಕೆ ಬಿತ್ತು. ಮೂಲೆಯಲ್ಲಿದ್ದ ಕಲ್ಲೂರ ಸರ್ ಮೂವತ್ತೆಂಟು ವರ್ಷದ ರೂಢಿಯಲ್ಲಿ ಬೆರಳೆತ್ತಿ "ಶ್ಶ್!" ಎಂದುಬಿಟ್ಟರು.

ಆ ಕ್ಷಣಕ್ಕೆ ಇಡೀ ಕೋಣೆ ಪಿಸುಗುಟ್ಟತೊಡಗಿತು. "ನೋಡೋ, ಶುರು ಆತು ಮುದುಕಂದು." "ಐಸ್ ಕಾರ್ಖಾನ್ಯಾಗೂ ಹಿಂಗ ಮಾಡತಿದ್ದ." "ನನಗ ಒಂದ್ಸಲ ಕಡ್ಲಿ ತಿಂದೆ ಅಂತ ಹೊರಗ ಹಾಕಿದ್ದ, ಗೊತ್ತೈತೇನು?" ಜನ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ್ದರು. ನಾನು ನಿಯಂತ್ರಣ ಕೊಠಡಿಗೆ ಓಡಿದೆ. ಗುಟ್ಟು ಹೇಳುವವರೆಲ್ಲ ಗೋಡೆಗೆ ಮುಖ ಮಾಡುವುದರಿಂದ ಉಸಿರು ನೇರವಾಗಿ ಗಾರೆಗೇ ಬಡಿಯುತ್ತಿತ್ತು. ಕತ್ತಲಾಗುವುದರೊಳಗೆ ಪರದೆಯ ಮೇಲೆ ಹದಿನಾಲ್ಕು ಹದಿನೈದಾಯಿತು. ಹದಿನಾರಾಯಿತು.

ನಾನು ಬೋರ್ಡುಗಳನ್ನೆಲ್ಲ ಹೊರತೆಗೆದು ಮತ್ತೆ ಹಚ್ಚಿಸಿದೆ.

ಅಂದಿನಿಂದ ಕಲ್ಲೂರ ಸರ್ ಅವರ ಕೆಲಸ ಒಂದೇ. ಹತ್ತು ನಿಮಿಷಕ್ಕೊಮ್ಮೆ ಎದ್ದು 'ಶ್ಶ್' ಎನ್ನುವುದು. ಅವರು ಹೀಗೆನ್ನುವುದು, ಊರು ಹಾಗೆ ಶುರುಮಾಡುವುದು. ಆಗ್ನೇಯ ಮೂಲೆಯಲ್ಲಿ ಎರಡು ಮದುವೆ ಮಾತುಕತೆ ಕುದುರಿದವು. ಎಣ್ಣೆಗಾಯಿಗೆ ಗುರೆಳ್ಳು ಹಾಕಬೇಕೋ ಶೇಂಗಾ ಹಾಕಬೇಕೋ ಎಂಬ ವಾದದಿಂದ ಕಿಟಕಿಯ ಪಕ್ಕದ ಗೋಡೆ ಒಂದೇ ವಾರದಲ್ಲಿ ಐವತ್ತು ದಾಟಿತು. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಉತ್ತರದ ಗೋಡೆಯ ಹತ್ತಿರ ಬೈದಾಡಿದ್ದಕ್ಕೆ ಅಲ್ಲಿ ಮೊಳೆ ಹೊಡೆದರೆ ಮೊಳೆಯೇ ಬಾಗುವಂತಾಯಿತು. ಕೋಣೆ ತಣ್ಣಗಾಗತೊಡಗಿತು. ಹೊರಗೆ ನಲವತ್ತಮೂರು ಡಿಗ್ರಿ, ಒಳಗೆ ಇಪ್ಪತ್ತೇಳು. ತಾರು ಕೊಡುತ್ತಿದ್ದ ಹಳೆಯ ಸಾಗುವಾನಿ ಕೌಂಟರು ಪುಸ್ತಕ ಕೊಡುವ ಕಟ್ಟೆಯಾಯಿತು. ಜನ ಮನೆಗೆ ಹೋಗಲು ಒಲ್ಲೆ ಎಂದರು.

ಪ್ರತಿ 'ಶ್ಶ್'ಗೂ ಸರ್ ಅವರ ಮುಖ ಸಣ್ಣದಾಗುತ್ತಿತ್ತು. ತಮ್ಮ ಮಾತಿಗೆ ಊರಲ್ಲಿ ಎಷ್ಟು ಬೆಲೆಯಿತ್ತೆಂದು ಅವರಿಗೆ ಆಗ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ.

ತಪಾಸಣೆಗೆ ಎರಡು ದಿನವಿರುವಾಗ ಮೂವತ್ತೈದು ಗುಂಡಿಗಳೂ ನಲವತ್ತು ದಾಟಿದ್ದವು. ಒಂದು ಮಾತ್ರ ಹದಿನೇಳರಲ್ಲೇ ಕೂತಿತ್ತು. ಅದು ಗ್ರಂಥಪಾಲಕರ ಮೇಜಿನ ಹಿಂದಿನ ಗೋಡೆ. ಆ ಮೇಜಿನ ಹತ್ತು ಅಡಿ ಆಸುಪಾಸಿನಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನಾನು ಹತ್ತು ಜನರನ್ನು ಕರೆತಂದು ಅಲ್ಲಿ ಕೂರಿಸಿದೆ. ಗಪ್‌ಚಿಪ್. ಸರ್ ಅವರನ್ನು ಹೊರಗೆ ಕಳಿಸಿ ನೋಡಿದೆ. ಖಾಲಿ ಕುರ್ಚಿಯನ್ನು ನೋಡಿಯೂ ಜನ ಹೆದರಿದರು.

"ಆ ಕುರ್ಚಿ ಮುಂದ ನಮ್ಮ ನಾಲಿಗಿ ಏಳಂಗಿಲ್ರಿ," ಎಂದರು ಮಾಬುಸಾಬರು. "ಸಣ್ಣಾಂವಿದ್ದಾಗಿಂದ ಹಂಗ ಆಗೈತಿ."

ಆ ರಾತ್ರಿ ಊಟದ ಹೊತ್ತಿಗೆ ನೀಲವ್ವನಿಗೆ ಎಲ್ಲ ಹೇಳಿದೆ. ಅವರು ಕೇಳಿ, ಕೈ ತೊಳೆದುಕೊಂಡು, ಗಂಡನ ಕಡೆ ನೋಡಿದರು. ಗಂಡ ಅನ್ನ ಕಲಸುತ್ತಿದ್ದರು.

"ಆ ಗ್ವಾಡಿಗಿ ಯಾರರ ಮಾತಾಡಿದ್ರ ನಡೀತೈತೇನ್ರಿ, ಮೇಡಂ?"

"ನಡೆಯುತ್ತೆ."

"ಹಂಗಾದ್ರ ನಾಳೆ ನಾ ಬರ್ತೀನಿ. ನನ್ನ ಹಂತ್ಯಾಕ ಮೂವತ್ತೆಂಟು ವರ್ಷದ್ದು ಸ್ಟಾಕ್ ಐತಿ."

ಬೆಳಗ್ಗೆ ಎಂಟಕ್ಕೆ ನೀಲವ್ವ ಒಂದು ಬುತ್ತಿ ಗಂಟು, ಒಂದು ತಂಬಿಗೆ ನೀರಿನೊಂದಿಗೆ ಬಂದರು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತರು. ನಾನು ನಿಯಂತ್ರಣ ಕೊಠಡಿಯ ಬಾಗಿಲು ಎಳೆದುಕೊಂಡು ಪರದೆಯ ಮುಂದೆ ಕೂತೆ. ಕೋಣೆಯ ಧ್ವನಿ ನನಗೆ ಕೇಳುತ್ತಿತ್ತು. ಕೇಳಬಾರದಿತ್ತು ಅನ್ನುವುದು ಸರಿಯೇ, ಆದರೆ ಕೇಳಿದೆ.

ಮದುವೆಯ ಮಂಟಪದಲ್ಲಿ ಗಂಡನ ಸೋದರತ್ತೆ ಆಡಿದ ಮಾತಿನಿಂದ ನೀಲವ್ವ ಶುರುಮಾಡಿದರು. ಹತ್ತು ಗಂಟೆಗೆ ನಾದಿನಿಯರು ಮುಗಿದರು. ಹದಿನೇಳು ಇಪ್ಪತ್ತೆರಡಾಯಿತು. ಆಮೇಲೆ ಅವರು ಯಾವಾಗಲೋ ಕಲಿಯಬೇಕೆಂದಿದ್ದ ಹಾರ್ಮೋನಿಯಂ, ಕಲಿಯದೇ ಹೋದದ್ದು. ಒಂದು ಸಲ ಜ್ವರ ಬಂದು ಮೂರು ದಿನ ಮಲಗಿದಾಗ ದಿಂಬಿನ ಪಕ್ಕ ಸಿಕ್ಕ ಕಾರ್ಡು, 'ಹೇಗಿದೆ?' ಎಂದು. "ಬಾಯಿಬಿಟ್ಟು ಕೇಳಿದ್ರ ನಿಮ್ಮ ಗಂಟೇನ್ ಹೋಗತಿತ್ತು?" ಎಂದರು. ಇಪ್ಪತ್ತೊಂಬತ್ತು. ನಾಲ್ಕು ಗಂಟೆಯ ಹೊತ್ತಿಗೆ ಮೂವತ್ತಮೂರು. ಅಲ್ಲಿ ನೀಲವ್ವ ನಿಲ್ಲಿಸಿದರು.

"ನಂದು ಮುಗೀತು. ಇನ್ನ ನಿಮ್ಮ ಪಾಳಿ," ಎಂದರು.

ಕಾರ್ಡಿಗಾಗಿ ಡ್ರಾವರ್ ಎಳೆದ ಸದ್ದಾಯಿತು. ತಕ್ಷಣ ಅದನ್ನು ಯಾರೋ ದಬಕ್ಕನೆ ಮುಚ್ಚಿದ ಸದ್ದೂ ಆಯಿತು. ಕಡೆಗೆ ಕಲ್ಲೂರ ಸರ್ ಅವರ ದನಿ ಬಂತು, ತುಕ್ಕು ಹಿಡಿದ ಬಾಗಿಲಿನ ಹಾಗೆ.

"ಮಳಿ ಬಂದು ಪುಸ್ತಕ ತೊಯ್ದ ವರ್ಷ... ನಾಲ್ಕ ಸಾವಿರ ಪುಸ್ತಕ, ನೀಲಾ. ನಾ ಅಲ್ಲೇ ಕುಂತು ಅತ್ತೆ. ಮನಿಗೆ ಬಂದು ನಿನಗ ಹೇಳಬೇಕು ಅಂದ್ರ, ಬಾಯಿ ಬರಲಿಲ್ಲ. ಅವತ್ತ ನೀ ಹೆಸರಬ್ಯಾಳಿ ಪಾಯಸ ಮಾಡಿದ್ದಿ. ಅಡಗಿಮನ್ಯಾಗ ನಿಂತು ನೀ ಕುಕ್ಕರಿಗೆ ಹೇಳೂದೆಲ್ಲಾ ನಾ ದಿನಾ ಕೇಳತಿದ್ದೆ. ಪುಸ್ತಕ ಹಿಡಿದಿರತಿದ್ದೆ ಖರೆ. ಓದತಿದ್ದಿಲ್ಲ."

ನನ್ನ ಕನ್ನಡಕ ಮಂಜಾಯಿತು. ಅದನ್ನು ಒರೆಸಿ ಪರದೆ ನೋಡುವಷ್ಟರಲ್ಲಿ ಮೂವತ್ತಾರು. ಅವರಿಬ್ಬರೂ ಸಂಜೆ ದೀಪ ಹಚ್ಚುವವರೆಗೂ ಮಾತಾಡಿದರು. ಮನೆಗೆ ಹೋಗುವಾಗ ಅಂಕ ಮೂವತ್ತೊಂಬತ್ತು. ಬೆಳಗಾಗುವುದರಲ್ಲಿ ಇನ್ನೊಂದು ತಾನಾಗಿಯೇ ಏರುತ್ತದೆಂದು ನಾನು ಧೈರ್ಯ ಹೇಳಿದೆ.

ಏರಲಿಲ್ಲ.

ಸಮಿತಿಯ ತಪಾಸಣಾಧಿಕಾರಿ ಲವಿನಾ ಡಿಸೋಜಾ ಹತ್ತು ಗಂಟೆಗೆ ಸರಿಯಾಗಿ ಬಂದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಅವರದೇ ಮಾಪಕ. ಊರಿಗೆ ಊರೇ ಒಳಗೆ ನೆರೆದಿತ್ತು. ಮೂವತ್ತೈದು ಕಡೆ ಪಾಸು, ಪಾಸು, ಪಾಸು. ಮೇಜಿನ ಹಿಂದಿನ ಗೋಡೆಗೆ ಮಾಪಕ ಒತ್ತಿ ನಿಂತರು.

"ಮೂವತ್ತೊಂಬತ್ತು," ಎಂದರು. "ನಿಯಮದ ಪ್ರಕಾರ ಇನ್ನು ಹತ್ತು ನಿಮಿಷ ಬಿಟ್ಟು ಕೊನೆಯ ಸಲ ನೋಡ್ತೇನೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ."

ಜನ ಆ ಗೋಡೆಯ ಸುತ್ತ ಮುತ್ತಿಕೊಂಡರು. ಇನ್ನೂರು ಜನ. ಆತಂಕಕ್ಕೆ ಇನ್ನೂರು ಜನವೂ ಉಸಿರು ಬಿಗಿಹಿಡಿದು ನಿಂತಿದ್ದರು.

"ಉಸರ ಬಿಡ್ರಲೇ!" ಎಂದು ಮಾಬುಸಾಬರು ಕೂಗಿದರು. "ಉಸರ ಹಿಡದ್ರ ಹೆಂಗ ಆಕ್ಕೈತಿ!"

ಯಾರಿಗೂ ಬಿಡಲಾಗಲಿಲ್ಲ. ಕುರ್ಚಿ ಅಲ್ಲೇ ಇತ್ತಲ್ಲ. ಅಧಿಕಾರಿ ಗಡಿಯಾರ ನೋಡಿದರು. ಆಗ ಕಲ್ಲೂರ ಸರ್ ಮುಂದೆ ಬಂದರು. ಮಾತಾಡಲು ಬಾಯಿ ತೆರೆದರು, ಇಷ್ಟು ಮಂದಿಯೆದುರು ಅವರಿಗೂ ಮಾತು ಹೊರಡಲಿಲ್ಲ. ಅವರು ಗೋಡೆಯ ಹತ್ತಿರ ಹೋದರು. ಅಂಗೈಯಗಲದ ಅಂತರದಲ್ಲಿ ಮುಖವಿಟ್ಟು, ಕಣ್ಣು ಮುಚ್ಚಿ, ತಮಗೆ ಚೆನ್ನಾಗಿ ಬರುತ್ತಿದ್ದ ಒಂದೇ ಒಂದು ವಿದ್ಯೆಯನ್ನು ಶುರುಮಾಡಿದರು.

"ಶ್ಶ್ಶ್ಶ್..."

ಮೂವತ್ತೆಂಟು ವರ್ಷ ಸಾಣೆ ಹಿಡಿದ ಉಸಿರು ಅದು. ಎದೆಯ ಬುಡದಿಂದ ಬಂತು. ಮುಗಿಯಿತೆನ್ನುವಾಗ ಮತ್ತೆ ಉಸಿರೆಳೆದುಕೊಂಡು ಮತ್ತೊಂದು. ಮುಖ ಕೆಂಪಾಯಿತು. ನೀಲವ್ವ ಹೋಗಿ ಪಕ್ಕದಲ್ಲಿ ನಿಂತು ತಾವೂ "ಶ್ಶ್" ಎಂದರು. ಮಾಬುಸಾಬರು ಸೇರಿಕೊಂಡರು. ನೋಡುನೋಡುತ್ತಿದ್ದಂತೆ ಇನ್ನೂರು ಜನ ಒಂದು ಗೋಡೆಯನ್ನು ಸುಮ್ಮನಿರಿಸುತ್ತಿದ್ದರು. ನಾನೂ ಸೇರಿದ್ದೆ, ನನ್ನ ಪ್ರಶಸ್ತಿಪತ್ರದ ಆಣೆಗೂ.

ಅಧಿಕಾರಿ ಮಾಪಕ ಒತ್ತಿದರು. "ನಲವತ್ತು," ಎಂದರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

ಹತ್ತು ನಿಮಿಷದ ಉಸಿರಿಗೆ ಗಾರೆ ಒಂದಂಕ ಏರಿತೆಂದು ನಾನು ಯಾವ ಪತ್ರಿಕೆಯಲ್ಲೂ ಬರೆಯಲಾರೆ. ಅದು ಮೊದಲೇ ಹೊಸ್ತಿಲ ಮೇಲಿತ್ತು ಎನ್ನಬಹುದು. ಕೆಂಪಗಸಿಯಲ್ಲಿ ಹಾಗೆ ಹೇಳಲು ಮಾತ್ರ ನನಗೆ ಧೈರ್ಯವಿಲ್ಲ. ಕಲ್ಲೂರ ಸರ್ ಆ ಮೇಜಿನ ಹಿಂದೆ ಒಂದಲ್ಲ, ಒಂಬತ್ತು ದಿನ ಕೂತು ನಿವೃತ್ತರಾದರು.

ಒಂದು ವರ್ಷದ ಮೇಲೆ ನಾನು ಕಟ್ಟಡ ನೋಡಲು ಹೋದಾಗ ಅವರ ಮನೆಯಲ್ಲೇ ಇಳಿದುಕೊಂಡೆ. ಅಡುಗೆಮನೆಯ ಗೋಡೆಯ ಮೇಲೆ, ಕುಕ್ಕರಿನ ಪಕ್ಕ, ತಟ್ಟೆಯಗಲದ ಜೀವಗಾರೆಯ ತೇಪೆಯಿತ್ತು. ಅದರ ಮುಂದೆ ಎರಡು ಸ್ಟೂಲು.

"ಎಂಥಾ ಗಾರಿ ಮಾಡೀರಿ ಮೇಡಂ?" ಎಂದು ನೀಲವ್ವ ನನ್ನನ್ನು ತರಾಟೆಗೆ ತೆಗೆದುಕೊಂಡರು. "ನೆನಪಿಗಿರಲಿ ಅಂತ ಇವರು ಒಂಚೂರು ತಂದು ಹಚ್ಚಿದ್ರು. ವರ್ಷ ಆತು, ಗಟ್ಟಿ ಆಗವಲ್ದು. ಇನ್ನೂ ಹಸಿ ಐತಿ, ಬಾ, ಮಾತಾಡೂಣು ಅಂತ ದಿನಾ ಸಂಜಿಕೆ ಕರೀತಾರ. ಮಾತಾಡಿ ಮಾತಾಡಿ ನನ್ನ ಗಂಟಲ ಬಿದ್ದು ಹೋತು."

ನಾನು ತೇಪೆಯನ್ನು ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಇಬ್ಬರು ದಿನಾ ಮಾತಾಡುವ ಜಾಗದಲ್ಲಿ ಇಷ್ಟು ಗಾರೆ ತಿಂಗಳೊಳಗೆ ಕಲ್ಲಾಗಬೇಕು. ಇದು ಹೆಚ್ಚೆಂದರೆ ವಾರದ್ದು. ತಿರುಗಿ ನೋಡಿದೆ. ಬಾಗಿಲಲ್ಲಿ ಕಲ್ಲೂರ ಸರ್ ನಿಂತಿದ್ದರು. ಅವರ ಉಗುರುಗಳ ಸಂದಿನಲ್ಲಿ ಹಸಿ ಸುಣ್ಣವಿತ್ತು.

ನೀಲವ್ವನಿಗೆ ಕಾಣದಂತೆ ಅವರು ತುಟಿಯ ಮೇಲೆ ಬೆರಳಿಟ್ಟು, ಸದ್ದಿಲ್ಲದೆ 'ಶ್ಶ್' ಎಂದರು.

"ಈ ಊರಿನ ಹವೆಗೆ ಸ್ವಲ್ಪ ನಿಧಾನ, ನೀಲವ್ವ," ಎಂದೆ. "ಇನ್ನೂ ಬಹಳ ವರ್ಷ ಹಿಡಿಯಬಹುದು."